ಬೆನ್ನ ಮೇಲಿಟ್ಟ ಕೈ

ಬೆಳಿಗ್ಗೆ ಏಳೂವರೆ. ಅಮೆರಿಕದ ಅಯೋವಾ ರಾಜ್ಯದ ಆ ಪುಟ್ಟ ಊರಿನಲ್ಲಿ ಕಾಫಿ ಅಂಗಡಿಯನ್ನು ಬಿಟ್ಟರೆ ಬಾಗಿಲು ತೆರೆದಿರುವುದು ಇದೊಂದೇ ಜಾಗ. ಒಳಗೆ ಆಸ್ಪತ್ರೆಯ ವಾಸನೆ ಇಲ್ಲ. ಸೂಜಿಯಿಲ್ಲ, ಸಿರಿಂಜಿಲ್ಲ, ಮಾತ್ರೆಯ ಬೀರುವಿಲ್ಲ. ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಬೆನ್ನೆಲುಬೊಂದು ಕೊಕ್ಕೆಗೆ ನೇತುಬಿದ್ದಿದೆ. ಕೋಣೆಯ ನಡುವೆ ಉದ್ದನೆಯ, ಮೆತ್ತೆ ಹೊದಿಸಿದ ಮೇಜು. ತಲೆ ಇಡುವ ಕಡೆ ಮೇಜಿಗೆ ಒಂದು ಸೀಳು ಉಂಟು. ಬೋರಲಾಗಿ ಮಲಗಿದವರು ಉಸಿರಾಡಬೇಕಲ್ಲ! ಆ ಜಾಗಕ್ಕೆ ಹೊಸ ಕಾಗದ ಹಾಸಿದರೆ ಡಾಕ್ಟರರ ಸಿದ್ಧತೆ ಮುಗಿಯಿತು. ಉಳಿದದ್ದೆಲ್ಲ ಅವರ ಎರಡು ಕೈಗಳಲ್ಲಿದೆ.

ಇವರು ಕೈರೋಪ್ರಾಕ್ಟರ್. ಈ ಕಸುಬಿಗೆ ಹೆಸರು ಕಟ್ಟಿದ್ದು ಗ್ರೀಕ್ ಪದಗಳಿಂದ. ‘ಕೈಯಿಂದ ಮಾಡಿದ್ದು’ ಎಂದು ಅರ್ಥ. ಕನ್ನಡಿಗರ ಕಿವಿಗೆ ಆ ಹೆಸರಿನ ಮೊದಲ ಅಕ್ಷರವೇ ‘ಕೈ’ ಎಂದು ಕೇಳಿಸುವುದು ಕಾಕತಾಳೀಯ.

ಮೊದಲ ರೋಗಿ ಮೆಕ್ಕೆಜೋಳದ ರೈತ. ಕೊಯ್ಲಿನ ಕಾಲ. ದಿನಕ್ಕೆ ಹದಿನಾಲ್ಕು ತಾಸು ಕೊಯ್ಲುಯಂತ್ರದ ಮೇಲೆ ಕೂತು, ಪಕ್ಕದಲ್ಲಿ ಓಡುವ ಕಾಳಿನ ಗಾಡಿಯ ಕಡೆಗೆ ಕತ್ತು ತಿರುಗಿಸಿ ತಿರುಗಿಸಿ, ಈಗ ಸೊಂಟ ಹಿಡಿದುಕೊಂಡಿದೆ. ಬಾಗಿದರೆ ಏಳಲಾರ, ಎದ್ದರೆ ಬಾಗಲಾರ. ಡಾಕ್ಟರು ಮೊದಲು ಮುಟ್ಟುವುದಿಲ್ಲ, ಕೇಳುತ್ತಾರೆ. ಎಂದಿನಿಂದ? ಕಾಲಿಗೆ ಇಳಿಯುತ್ತದೆಯೇ? ರಾತ್ರಿ ನೋವಿಗೆ ಎಚ್ಚರವಾಗುತ್ತದೆಯೇ? ಮೂತ್ರ ಸರಿಯಾಗಿ ಹೋಗುತ್ತದೆಯೇ? ಸೊಂಟನೋವಿಗೂ ಮೂತ್ರಕ್ಕೂ ಏನು ಸಂಬಂಧವೆಂದು ರೈತನಿಗೆ ಆಶ್ಚರ್ಯ. ಸಂಬಂಧವಿದೆ. ಬೆನ್ನೆಲುಬಿನ ಬುಡದಲ್ಲಿ ಕುದುರೆಬಾಲದಂತೆ ಇಳಿಯುವ ನರಗಳ ಕಟ್ಟು ಒತ್ತಿಕೊಂಡರೆ ಮೂತ್ರ ಕಟ್ಟುತ್ತದೆ ಅಥವಾ ತಾನಾಗಿ ಸೋರುತ್ತದೆ, ತೊಡೆಯ ಸಂದು ಮರಗಟ್ಟುತ್ತದೆ. ಅಂಥವರನ್ನು ಆ ಮೇಜಿನ ಮೇಲೆ ಮಲಗಿಸುವಂತೆಯೇ ಇಲ್ಲ. ನೇರವಾಗಿ ಆಸ್ಪತ್ರೆಗೆ, ಅದೂ ಆ ದಿನವೇ, ಕಳಿಸಬೇಕು. ತಡವಾದರೆ ಕಾಲೇ ಹೋದೀತು.

ರೈತನಿಗೆ ಅಂಥದ್ದೇನೂ ಇಲ್ಲ. ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ, ಕಾಲೆತ್ತಿಸಿ ನೋಡಿ, ಬೆರಳ ತುದಿಯಿಂದ ಬೆನ್ನುಮಣಿಗಳನ್ನು ಒಂದೊಂದಾಗಿ ಎಣಿಸುತ್ತಾ ಇಳಿಯುತ್ತಾರೆ. ಮಗ್ಗುಲಾಗಿಸಿ, ಮೇಲಿನ ಮಂಡಿ ಮಡಿಸಿ, ಒಂದು ಕೈ ಭುಜಕ್ಕೆ, ಇನ್ನೊಂದು ಸೊಂಟಕ್ಕೆ. “ಉಸಿರು ಬಿಡಿ.” ಬಿಡುತ್ತಿದ್ದಂತೆ ಚಿಕ್ಕದೊಂದು ತಳ್ಳು. ಬಲಕ್ಕಿಂತ ವೇಗ ಹೆಚ್ಚು.

ಲಟಕ್!

ಈ ಸದ್ದಿಗಾಗಿಯೇ ಜನ ಬರುತ್ತಾರೆ. ಸರಿದ ಮೂಳೆ ತನ್ನ ಜಾಗಕ್ಕೆ ಕೂತ ಸದ್ದು ಎಂದು ರೋಗಿ ನಂಬಿಕೊಂಡಿರುತ್ತಾನೆ. ಮೂಳೆ ಎಲ್ಲಿಗೂ ಹೋಗಿರುವುದಿಲ್ಲ, ಎಲ್ಲಿಂದಲೂ ಬರುವುದಿಲ್ಲ. ಕೀಲುಗಳ ನಡುವಿನ ಜಿಡ್ಡಿನಂಥ ದ್ರವದಲ್ಲಿ ಅನಿಲ ಕರಗಿರುತ್ತದೆ. ಕೀಲನ್ನು ಥಟ್ಟನೆ ಎಳೆದಾಗ ಒಳಗಿನ ಒತ್ತಡ ಇಳಿದು ಗುಳ್ಳೆಯೊಂದು ಮೂಡುತ್ತದೆ. ಬೆರಳಿನ ನೆಟಿಗೆ ಮುರಿದಾಗ ಆಗುವುದೂ ಇದೇ. ಬಹಳ ಕಾಲ ಅದು ಗುಳ್ಳೆ ಒಡೆಯುವ ಸದ್ದು ಎಂದಿದ್ದರು. 2015ರಲ್ಲಿ ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಬೆರಳನ್ನು ಎಳೆದು ಚಿತ್ರ ತೆಗೆದಾಗ, ಸದ್ದು ಬಂದದ್ದು ಗುಳ್ಳೆ ಹುಟ್ಟುವಾಗ. ಸದ್ದಾದ ಮೇಲೂ ಗುಳ್ಳೆ ಅಲ್ಲೇ ಕೂತಿತ್ತು. ಬೆರಳು ಕೊಟ್ಟವರು ಕೂಡ ಒಬ್ಬ ಕೈರೋಪ್ರಾಕ್ಟರೇ. ಹತ್ತೂ ಬೆರಳಿನ ನೆಟಿಗೆಯನ್ನು ಬೇಕೆಂದಾಗ ಮುರಿಯಬಲ್ಲವರು! ಒಮ್ಮೆ ಸದ್ದು ಮಾಡಿದ ಕೀಲು ಇಪ್ಪತ್ತು ನಿಮಿಷದಷ್ಟು ಹೊತ್ತು ಮತ್ತೆ ಸದ್ದು ಮಾಡುವುದಿಲ್ಲ ಎಂಬುದು ಮಾತ್ರ ಹಳೆಯ ಅನುಭವ. ಸದ್ದು ಬರದಿದ್ದರೂ ನೋವು ಇಳಿಯಬಹುದು, ಬಂದರೂ ಇಳಿಯದೆ ಇರಬಹುದು. ಇದನ್ನು ರೋಗಿಗೆ ಹೇಳಿದರೆ ಅವನ ಮುಖ ಸಣ್ಣಗಾಗುತ್ತದೆ. ಆದರೂ ಈ ಡಾಕ್ಟರು ಹೇಳುತ್ತಾರೆ.

ಹತ್ತು ಗಂಟೆಗೆ ಬಂದವನು ಹಾಸನದ ಕಡೆಯ ಹುಡುಗ. ಸಾಫ್ಟ್‌ವೇರ್ ಎಂಜಿನಿಯರ್. ಹಗಲೆಲ್ಲ ಕಂಪ್ಯೂಟರ್ ಮುಂದೆ, ರಾತ್ರಿ ಬೆಂಗಳೂರಿನ ಜೊತೆ ಫೋನಿನಲ್ಲಿ. ಕತ್ತು ಮರದ ಕೊರಡಿನಂತಾಗಿದೆ. “ಡಾಕ್ಟರೇ, ನಮ್ಮೂರ ಸೆಲೂನಿನಲ್ಲಿ ಕಟಿಂಗ್ ಮುಗಿದ ಮೇಲೆ ತಲೆ ಹಿಡಿದು ಆ ಕಡೆ ಲಟ್, ಈ ಕಡೆ ಲಟ್ ಅನಿಸ್ತಾರೆ. ನೀವು ಮಾಡೋದೂ ಅದೇ ತಾನೆ?” ಎಂದ. ಡಾಕ್ಟರು ನಗಲಿಲ್ಲ. “ಅದನ್ನು ಇನ್ನು ಮಾಡಿಸಿಕೊಳ್ಳಬೇಡ” ಎಂದರು. ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಮೆಲ್ಲಗೆ ಒದ್ದರೆ ಉಳುಕು ಹೋಗುತ್ತದೆಂದು ತನ್ನ ಅಜ್ಜಿ ಹೇಳುತ್ತಿದ್ದುದನ್ನೂ ವಿವರಿಸಿದ. ಡಾಕ್ಟರಿಗೆ ಈ ಸಲ ನಗು ತಡೆಯಲಾಗಲಿಲ್ಲ. “ಹಾಗಿದ್ದರೆ ನಾನು ಕಾಲೇಜಿಗೆ ಹೋಗಿ ಸಾಲ ಮಾಡಿಕೊಂಡದ್ದು ದಂಡ!”

ಕಾಲೇಜೆಂದರೆ ಕಡಿಮೆಯದೇನಲ್ಲ. ಪದವಿಯ ಮಟ್ಟದ ಓದಿನ ಮೇಲೆ ಸುಮಾರು ನಾಲ್ಕು ವರ್ಷ, ಕನಿಷ್ಠ 4200 ತಾಸುಗಳ ಪಾಠ, ಶವಚ್ಛೇದನ, ಎಕ್ಸ್‌ರೇ ಓದುವುದು, ರಾಷ್ಟ್ರಮಟ್ಟದ ಪರೀಕ್ಷೆಗಳು, ಆಮೇಲೆ ರಾಜ್ಯದ ಪರವಾನಗಿ. ಹೆಸರಿನ ಹಿಂದೆ ಡಾಕ್ಟರ್ ಬರುತ್ತದೆ. ಆದರೆ ಬಹುತೇಕ ಎಲ್ಲ ರಾಜ್ಯಗಳಲ್ಲಿ ಔಷಧಿ ಬರೆಯುವಂತಿಲ್ಲ, ಚಾಕು ಹಿಡಿಯುವಂತಿಲ್ಲ. ಅಮೆರಿಕದಲ್ಲಿ ಇಂಥವರು ಸುಮಾರು 70 ಸಾವಿರ ಮಂದಿ ಇದ್ದಾರೆ.

ಇದು ಹುಟ್ಟಿದ್ದೂ ಇದೇ ಅಯೋವಾದಲ್ಲಿ, ಮಿಸಿಸಿಪಿ ನದಿಯ ದಂಡೆಯ ಡೇವನ್‌ಪೋರ್ಟ್ ಎಂಬ ಊರಿನಲ್ಲಿ. ಕೆನಡಾದಿಂದ ಬಂದ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಕಿರಾಣಿ ಅಂಗಡಿ ನಡೆಸಿ, ಬಂಗಾರ ಮೀನು ಮಾರಿ, ಕೊನೆಗೆ ಕೈಯ ಅಯಸ್ಕಾಂತ ಶಕ್ತಿಯಿಂದ ರೋಗ ಗುಣಪಡಿಸುತ್ತೇನೆಂದು ಬೋರ್ಡು ಹಾಕಿಕೊಂಡಿದ್ದ. ಅದೇ ಕಟ್ಟಡದಲ್ಲಿ ಹಾರ್ವೆ ಲಿಲರ್ಡ್ ಎಂಬ ಕರಿಯ ಜವಾನ ಕೆಲಸ ಮಾಡುತ್ತಿದ್ದ. ಹದಿನೇಳು ವರ್ಷಗಳಿಂದ ಅವನಿಗೆ ಕಿವಿ ಮಂದ. ಬಾಗಿ ಭಾರ ಎತ್ತುವಾಗ ಬೆನ್ನಿನಲ್ಲಿ ಏನೋ ‘ಕಳಚಿದಂತಾಗಿ’ ಆ ಮೇಲೆ ಕಿವಿ ಕೇಳಿಸದಾಯಿತೆಂದು ಆತ ಹೇಳಿದನಂತೆ. 1895ರ ಸೆಪ್ಟೆಂಬರ್ 18ರಂದು ಪಾಮರ್ ಅವನ ಬೆನ್ನಿನಲ್ಲಿ ಉಬ್ಬಿದ ಮಣಿಯೊಂದನ್ನು ಒತ್ತಿ ಕೂರಿಸಿದ, ಕಿವಿ ಕೇಳಿಸಿತು. ಇದು ಪಾಮರ್ ಹೇಳಿದ ಕಥೆ. ಲಿಲರ್ಡನ ಮಗಳು ಹೇಳಿದ್ದೇ ಬೇರೆ: ತಂದೆ ಯಾರ ಜೊತೆಗೋ ತಮಾಷೆ ಮಾತಾಡುತ್ತಿದ್ದಾಗ ಪಾಮರ್ ಬೆನ್ನಿಗೆ ಪುಸ್ತಕದಿಂದ ಹೊಡೆದ, ಕೆಲ ದಿನಗಳಲ್ಲಿ ಕಿವಿ ಸುಧಾರಿಸಿತು, ಅಷ್ಟೇ. ಇಷ್ಟಕ್ಕೂ ಕಿವಿಯ ನರ ಮೆದುಳಿನಿಂದ ನೇರವಾಗಿ ಕಿವಿಗೆ ಬರುತ್ತದೆಯೇ ಹೊರತು ಬೆನ್ನಿನ ದಾರಿ ಹಿಡಿದು ಬರುವುದಿಲ್ಲ.

ಆದರೆ ಪಾಮರನಿಗೆ ಅದೊಂದು ಸಾಕಾಯಿತು. ಬೆನ್ನುಮಣಿ ಸರಿದು ನರ ಒತ್ತಿಕೊಳ್ಳುವುದೇ ಹೆಚ್ಚುಕಡಿಮೆ ಎಲ್ಲ ರೋಗಗಳ ಮೂಲ; ದೇಹದಲ್ಲಿ ಹುಟ್ಟಿನಿಂದಲೇ ಒಂದು ಬುದ್ಧಿ ಇದೆ, ದಾರಿ ಬಿಟ್ಟುಕೊಟ್ಟರೆ ಅದೇ ಎಲ್ಲವನ್ನೂ ಸರಿಮಾಡುತ್ತದೆ ಎಂದು ಸಾರಿದ. 1897ರಲ್ಲಿ ಶಾಲೆ ತೆರೆದ. ಪರವಾನಗಿಯಿಲ್ಲದೆ ವೈದ್ಯ ಮಾಡಿದ್ದಕ್ಕೆ 1906ರಲ್ಲಿ ಶಿಕ್ಷೆಯಾದಾಗ ದಂಡ ಕಟ್ಟುವುದಿಲ್ಲವೆಂದು ಹಟ ಹಿಡಿದು ಜೈಲಿಗೆ ಹೋದ. ಮಗ ಬಿ. ಜೆ. ಪಾಮರ್ ತಂದೆಗಿಂತ ಚುರುಕು. ಎಕ್ಸ್‌ರೇ ತಂದ, ಶಾಲೆಯನ್ನು ದೊಡ್ಡದು ಮಾಡಿದ, 1922ರಲ್ಲಿ ಒಂದು ರೇಡಿಯೋ ನಿಲಯವನ್ನೇ ಕೊಂಡ. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ 1932ರಲ್ಲಿ ರೇಡಿಯೋ ಕೆಲಸ ಶುರುಮಾಡಿದ್ದು ಅದೇ ನಿಲಯದಲ್ಲಿ! ಬೆನ್ನುಮೂಳೆ ಎಲ್ಲೆಲ್ಲಿಗೆ ಕೊಂಡಿ ಹಾಕುತ್ತದೆ ನೋಡಿ.

ಅಪ್ಪ-ಮಗ ಇಬ್ಬರೂ ಲಸಿಕೆಯ ವಿರೋಧಿಗಳು. ರೋಗಾಣುಗಳಿಂದ ರೋಗ ಬರುತ್ತದೆಂಬುದನ್ನೇ ಒಪ್ಪಲು ಸಿದ್ಧರಿರಲಿಲ್ಲ. ಅವರ ಹಿಂಬಾಲಕರಲ್ಲಿ ಬೇಗನೆ ಎರಡು ಪಂಗಡಗಳಾದವು. ಗುರು ಹೇಳಿದಂತೆ ಬೆನ್ನುಮಣಿ ಬಿಟ್ಟು ಬೇರೇನೂ ಮುಟ್ಟದವರು ಒಂದು ಕಡೆ, ವ್ಯಾಯಾಮ, ಶಾಖ, ಪಥ್ಯ ಎಲ್ಲವನ್ನೂ ಬೆರೆಸಿಕೊಂಡವರು ಇನ್ನೊಂದು ಕಡೆ. ಒಂದೇ ಮಠದಲ್ಲಿ ಎರಡು ಪಂಕ್ತಿ.

ಈ ಊರಿನ ಡಾಕ್ಟರು ಓದಿದ್ದು ಪಾಮರ್ ಸ್ಥಾಪಿಸಿದ ಕಾಲೇಜಿನಲ್ಲೇ. ಶುರುವಿನಲ್ಲಿ ಅವರ ಗೋಡೆಯ ಮೇಲೂ ಒಂದು ದೊಡ್ಡ ಪಟವಿತ್ತು. ಇಂಥ ಪಟಗಳು ಈ ಕಸುಬಿನವರಲ್ಲಿ ಮಾಮೂಲು. ಬೆನ್ನೆಲುಬಿನ ಚಿತ್ರ, ಪ್ರತಿ ಮಣಿಯಿಂದ ಒಂದು ಗೆರೆ, ಗೆರೆಯ ತುದಿಯಲ್ಲಿ ಆ ಮಣಿ ಕೆಟ್ಟರೆ ಬರುವ ಕಾಯಿಲೆ. ಒಂದಕ್ಕೆ ದಮ್ಮು, ಇನ್ನೊಂದಕ್ಕೆ ಪಿತ್ತಕೋಶ, ಮತ್ತೊಂದಕ್ಕೆ ರಕ್ತದೊತ್ತಡ. ರೋಗಿ ಕಾಯುತ್ತಾ ಕೂತಾಗ ಅದನ್ನೇ ಓದುತ್ತಾನೆ. ಬೆನ್ನು ನೋವೆಂದು ಬಂದವನು ಒಳಗೆ ಬರುವಷ್ಟರಲ್ಲಿ ಇನ್ನೂ ಮೂರು ಕಾಯಿಲೆ ಹಚ್ಚಿಕೊಂಡಿರುತ್ತಾನೆ. ವ್ಯಾಪಾರಕ್ಕೆ ಒಳ್ಳೆಯದು. ನಲವತ್ತು ಸಲ ಬರಬೇಕೆಂದು ಮುಂಗಡ ಹಣ ಕಟ್ಟಿಸಿಕೊಳ್ಳುವುದೂ ಸುಲಭ. ಶುರುವಿನ ವರ್ಷಗಳಲ್ಲಿ ಇವರೂ ಕಟ್ಟಿಸಿಕೊಂಡವರೇ. ಒಬ್ಬ ಮುದುಕ ಪಟದಲ್ಲಿ ಹೃದಯದ ಗೆರೆ ನೋಡಿ, ಮನೆ ಡಾಕ್ಟರು ಕೊಟ್ಟ ರಕ್ತದೊತ್ತಡದ ಮಾತ್ರೆ ನಿಲ್ಲಿಸಿದ್ದೇನೆ, ಈಗ ನೀವಿದ್ದೀರಲ್ಲ ಎಂದ. ಅಂದೇ ಸಂಜೆ ಪಟ ಇಳಿಯಿತು. ಅಷ್ಟು ಜಾಗದಲ್ಲಿ ಗೋಡೆಯ ಬಣ್ಣ ಈಗಲೂ ಉಳಿದದ್ದಕ್ಕಿಂತ ಹೊಸದಾಗಿ ಕಾಣುತ್ತದೆ. ಮುದುಕ ಮಾತ್ರೆಗೆ ಮರಳಿದ. ಮುಂಗಡದ ಪದ್ಧತಿ ನಿಲ್ಲಲು ಮಾತ್ರ ಇನ್ನೂ ಎರಡು ವರ್ಷ ಬೇಕಾಯಿತು. ಅಂಗಡಿ ಬಾಡಿಗೆ ಕಟ್ಟಬೇಕಲ್ಲ.

ಹಾಗೆಂದು ಇವರು ಪ್ರಕೃತಿ ಚಿಕಿತ್ಸೆಯ ನಂಬಿಕೆ ಬಿಟ್ಟವರಲ್ಲ. ಸೊಂಟ ಹಿಡಿದರೆ ಹಾಸಿಗೆ ಹಿಡಿಯಬೇಡಿ, ನಡೆಯಿರಿ ಎನ್ನುತ್ತಾರೆ. ಮಾತ್ರೆ ಕೊನೆಗೆ, ಮೊದಲು ನಿದ್ದೆ, ಕೂರುವ ಕುರ್ಚಿ, ಎತ್ತುವ ರೀತಿ. ದೇಹ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತದೆ ಎಂಬುದು ಅವರ ಮಟ್ಟಿಗೆ ಸತ್ಯ. ಬೆರಳು ಕೊಯ್ದುಕೊಂಡರೆ ಗಾಯ ಕೂಡಿಕೊಳ್ಳುವುದಿಲ್ಲವೇ? ಆದರೆ ಮಕ್ಕಳಿಗೆ ಲಸಿಕೆ ಹಾಕಿಸಬೇಕೇ ಎಂದು ತಾಯಂದಿರು ಕೇಳಿದರೆ ಹಾಕಿಸಿ ಎನ್ನುತ್ತಾರೆ. ಕೇಳಲು ಬಂದ ಕೆಲವರಿಗೆ ಈ ಉತ್ತರ ರುಚಿಸದೆ ಬೇರೆ ಕಡೆ ಹೋದದ್ದೂ ಉಂಟು. ಅಳುವ ಹಸುಗೂಸನ್ನು ಎತ್ತಿಕೊಂಡು ಬಂದರೆ ಮಕ್ಕಳ ಡಾಕ್ಟರ ಬಳಿ ಕಳಿಸುತ್ತಾರೆ. ಹಸುಗೂಸಿನ ಹೊಟ್ಟೆಶೂಲೆಗೂ ಬೆನ್ನು ಒತ್ತುವುದಕ್ಕೂ ಸಂಬಂಧ ಹಚ್ಚುವವರನ್ನು ಕಂಡೇ ಇಂಗ್ಲೆಂಡಿನ ವಿಜ್ಞಾನ ಲೇಖಕ ಸೈಮನ್ ಸಿಂಗ್ 2008ರಲ್ಲಿ ಪತ್ರಿಕೆಯಲ್ಲಿ ಖಾರವಾಗಿ ಬರೆದದ್ದು. ಅಲ್ಲಿನ ಕೈರೋಪ್ರಾಕ್ಟರುಗಳ ಸಂಘ ಮಾನನಷ್ಟದ ದಾವೆ ಹೂಡಿ, ಎರಡು ವರ್ಷ ಎಳೆದಾಡಿ, 2010ರಲ್ಲಿ ತಾನೇ ಹಿಂದೆ ತೆಗೆದುಕೊಂಡಿತು.

ಇನ್ನೊಂದು ಕಡೆಯವರ ಲೆಕ್ಕವೂ ಶುದ್ಧವಾಗಿರಲಿಲ್ಲ. ಅಮೆರಿಕದ ವೈದ್ಯಕೀಯ ಸಂಘ 1963ರಲ್ಲಿ ಇವರನ್ನು ಮಟ್ಟಹಾಕಲೆಂದೇ ಒಂದು ಸಮಿತಿ ಮಾಡಿತ್ತು. ಕೈರೋಪ್ರಾಕ್ಟರನಿಗೆ ರೋಗಿಯನ್ನು ಕಳಿಸುವುದು, ಅವನು ಕಳಿಸಿದ ರೋಗಿಯನ್ನು ನೋಡುವುದು, ಎರಡೂ ವೃತ್ತಿಧರ್ಮಕ್ಕೆ ವಿರುದ್ಧ ಎನ್ನಲಾಗುತ್ತಿತ್ತು. ಚೆಸ್ಟರ್ ವಿಲ್ಕ್ ಮತ್ತು ಜೊತೆಗಾರರು 1976ರಲ್ಲಿ ಕೋರ್ಟಿಗೆ ಹೋದರು. 1987ರಲ್ಲಿ ಇದು ಕಾನೂನುಬಾಹಿರ ಬಹಿಷ್ಕಾರವೆಂದು ತೀರ್ಪಾಯಿತು, 1990ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು. ಕೋರ್ಟು ಹೇಳಿದ್ದು ಬಹಿಷ್ಕಾರ ತಪ್ಪೆಂದು. ಚಿಕಿತ್ಸೆ ಸರಿಯೆಂದು ಅಲ್ಲ. ಈ ವ್ಯತ್ಯಾಸವನ್ನು ಗೆದ್ದವರು ಅಷ್ಟಾಗಿ ಪ್ರಚಾರ ಮಾಡಲಿಲ್ಲ.

ಹಾಗಾದರೆ ಚಿಕಿತ್ಸೆಯಲ್ಲಿ ಏನಿದೆ? ಸ್ವಲ್ಪ ಇದೆ. 2017ರಲ್ಲಿ ನಡೆದ ದೊಡ್ಡದೊಂದು ಪರಿಶೀಲನೆ, ಹೊಸದಾಗಿ ಬಂದ ಸೊಂಟನೋವಿಗೆ ಬೆನ್ನು ಒತ್ತುವ ಚಿಕಿತ್ಸೆಯಿಂದ ಆರು ವಾರಗಳ ತನಕ ಸಾಧಾರಣ ಮಟ್ಟದ ಉಪಕಾರ ಕಂಡಿತು. ಅದೇ ವರ್ಷ ಅಮೆರಿಕದ ಫಿಜಿಷಿಯನ್ನರ ಕಾಲೇಜು, ಸೊಂಟನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜು, ಅಕ್ಯುಪಂಕ್ಚರ್, ಬೆನ್ನು ಒತ್ತುವಿಕೆಗಳನ್ನು ಪ್ರಯತ್ನಿಸಿ ಎಂದು ಸಲಹೆ ಕೊಟ್ಟಿತು. ಇಂಥ ನೋವು ಏನು ಮಾಡಿದರೂ, ಏನೂ ಮಾಡದಿದ್ದರೂ, ಬಹುಪಾಲು ಜನರಲ್ಲಿ ತಾನಾಗಿ ಇಳಿಯುತ್ತದೆ ಎಂದೂ ಸೇರಿಸಿತು. ನೋವಿಗೆಂದು ಅಫೀಮಿನ ಜಾತಿಯ ಮಾತ್ರೆಗಳನ್ನು ಧಾರಾಳವಾಗಿ ಬರೆದು ಲಕ್ಷಾಂತರ ಜನರನ್ನು ಚಟಕ್ಕೆ ಕೆಡವಿದ ದೇಶವದು. ಅಂಥಲ್ಲಿ ಬರಿಗೈಯ ವೈದ್ಯನ ಬೆಲೆ ಏರಿದ್ದರಲ್ಲಿ ಆಶ್ಚರ್ಯವಿಲ್ಲ.

ಬರಿಗೈಗೂ ಅಪಾಯವಿದೆ, ಮುಖ್ಯವಾಗಿ ಕತ್ತಿನಲ್ಲಿ. ಕತ್ತಿನ ಮಣಿಗಳ ತೂತುಗಳ ಮೂಲಕ ಎರಡು ರಕ್ತನಾಳಗಳು ಮೆದುಳಿಗೆ ಏರುತ್ತವೆ. ನಾಳದ ಒಳಪದರ ಹರಿದರೆ ರಕ್ತ ಅಲ್ಲಿ ಹೆಪ್ಪುಗಟ್ಟಿ, ಹೆಪ್ಪು ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಅಪರೂಪ, ಆದರೆ ವಯಸ್ಸಾದವರಿಗೇ ಆಗಬೇಕೆಂದಿಲ್ಲ. ಸೆಲೂನಿನಲ್ಲಿ ಕತ್ತು ತಿರುಗಿಸಿಕೊಂಡ ಯುವಕನಿಗೆ ಲಕ್ವ ಹೊಡೆದ ಸುದ್ದಿ 2024ರಲ್ಲಿ ನಮ್ಮ ಬಳ್ಳಾರಿಯಿಂದಲೇ ಪತ್ರಿಕೆಗಳಲ್ಲಿ ಬಂದಿತ್ತು. ಕತ್ತು ಒತ್ತಿದ್ದರಿಂದಲೇ ನಾಳ ಹರಿಯುತ್ತದೆಯೋ, ಅಥವಾ ನಾಳ ಹರಿಯಲು ಶುರುವಾದ ನೋವಿಗೇ ಜನ ಕೈರೋಪ್ರಾಕ್ಟರನ ಬಳಿ ಬರುತ್ತಾರೋ? ಈ ಜಗಳ ನಡೆಯುತ್ತಲೇ ಇದೆ. ಕೆನಡಾದ ಒಂಟೇರಿಯೋದಲ್ಲಿ 2008ರಲ್ಲಿ ಲೆಕ್ಕ ಹಾಕಿದಾಗ, ಇಂಥ ಲಕ್ವಕ್ಕೆ ಮೊದಲು ಕೈರೋಪ್ರಾಕ್ಟರರ ಬಳಿ ಹೋದವರಂತೆಯೇ ಮನೆ ಡಾಕ್ಟರ ಬಳಿ ಹೋದವರೂ ಇದ್ದರು. ಎರಡನೆಯ ವಾದ ನಿಜವೆಂದರೂ ಡಾಕ್ಟರರ ಎದೆ ಹಗುರವಾಗುವುದಿಲ್ಲ. ಆಗಲೇ ಹರಿಯುತ್ತಿರುವ ನಾಳವನ್ನು ಹಿಡಿದು ತಿರುಗಿಸುವುದು ಯಾರ ಕೈ?

ಮಧ್ಯಾಹ್ನ ಮೂರಕ್ಕೆ ಬಂದ ಶಾಲಾ ಶಿಕ್ಷಕಿ ಹಳೆಯ ರೋಗಿ. ವಯಸ್ಸು ನಲವತ್ತರ ಒಳಗೆ. ತಿಂಗಳಿಗೊಮ್ಮೆ ಕತ್ತು ಹಿಡಿದಾಗ ಬಂದು ಹೋಗುವವರು. “ಎಂದಿನದೇ, ಡಾಕ್. ಬೇಗ ಒಂದು ಲಟಕ್ ಅನಿಸಿಬಿಡಿ, ಐದನೇ ಕ್ಲಾಸಿನವರ ನಾಟಕದ ತಾಲೀಮು ಇದೆ” ಎಂದು ಮೇಜಿನ ಮೇಲೆ ಆಗಲೇ ಕೂತಿದ್ದರು. ಡಾಕ್ಟರು ಎಂದಿನಂತೆ ಕೇಳಿದರು. ಎಂದಿನದೇ? ಅಷ್ಟೊಂದು ಎಂದಿನದಲ್ಲ. ಬೆಳಿಗ್ಗೆಯಿಂದ ಒಂದೇ ಕಡೆ, ಕತ್ತಿನ ಹಿಂದಿನಿಂದ ತಲೆಗೆ ಏರುವ ನೋವು. ಇಂಥದ್ದು ಹಿಂದೆಂದೂ ಬಂದಿಲ್ಲ. ಮೆಟ್ಟಿಲು ಇಳಿಯುವಾಗ ಸ್ವಲ್ಪ ತೂಗಿದಂತಾಯಿತು, ನಿದ್ದೆ ಸಾಲದೆ ಇರಬೇಕು. ಡಾಕ್ಟರು ಅವರ ಕಣ್ಣು ನೋಡಿದರು. ಒಂದು ರೆಪ್ಪೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಕೆಳಗಿತ್ತು. ಇತ್ತೋ, ಇದ್ದಂತೆ ಕಂಡಿತೋ.

“ಇವತ್ತು ನಾನು ಮುಟ್ಟುವುದಿಲ್ಲ” ಎಂದರು.

ಅವರಿಗೆ ಸಿಟ್ಟು ಬಂತು. ಹನ್ನೊಂದು ವರ್ಷದಿಂದ ಬರುತ್ತಿದ್ದೇನೆ, ಒಂದು ನಿಮಿಷದ ಕೆಲಸ, ಈಗೇನು ಹೊಸ ಹೆದರಿಕೆ? ತಮ್ಮ ಕಾರಿನಲ್ಲೇ ಹೋಗುತ್ತೇನೆ ಎಂದರು. ಡಾಕ್ಟರು ಕಾರಿನ ಕೀಲಿಯನ್ನು ಇಸಕೊಂಡು ತಮ್ಮ ಕಿಸೆಯಲ್ಲಿಟ್ಟುಕೊಂಡರು, ಆಂಬುಲೆನ್ಸಿಗೆ ಫೋನು ಮಾಡಿದರು. ಅದು ಬರುವ ತನಕದ ಹನ್ನೆರಡು ನಿಮಿಷ ಇಬ್ಬರೂ ಮಾತಾಡಲಿಲ್ಲ. ಕಾಯುವ ಕೋಣೆಯಲ್ಲಿ ಕೂತಿದ್ದ ಮೂವರು, ಕೈರೋಪ್ರಾಕ್ಟರನ ಬಾಗಿಲಿಗೆ ಆಂಬುಲೆನ್ಸ್ ಬಂದದ್ದನ್ನು ನೋಡಿದರು. ಪುಟ್ಟ ಊರು. ಸಂಜೆಯೊಳಗೆ ಈ ಸುದ್ದಿ ಯಾವ ರೂಪ ತಾಳೀತೆಂದು ಡಾಕ್ಟರಿಗೆ ಗೊತ್ತಿತ್ತು. ಮೂವರಲ್ಲಿ ಒಬ್ಬ ಇನ್ನೊಂದು ದಿನ ಬರುತ್ತೇನೆಂದು ಎದ್ದು ಹೋದ.

ಆರೂವರೆಗೆ ಶಿಕ್ಷಕಿಯ ಗಂಡ ಫೋನು ಮಾಡಿದ. ಸ್ಕ್ಯಾನಿನಲ್ಲಿ ಕತ್ತಿನ ನಾಳವೊಂದರ ಒಳಪದರ ಹರಿದಿರುವುದು ಕಂಡಿದೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಶುರುಮಾಡಿದ್ದಾರೆ. ಮಾತು, ಕೈಕಾಲು ಎಲ್ಲ ಸರಿಯಾಗಿದೆ. ನಾಟಕದ ತಾಲೀಮನ್ನು ಯಾರು ನೋಡಿಕೊಳ್ಳುತ್ತಾರೆಂಬುದೇ ಅವಳ ಚಿಂತೆ ಎಂದು ಆತ ನಕ್ಕ. ಡಾಕ್ಟರು ಕಿಸೆಯಲ್ಲಿ ಉಳಿದಿದ್ದ ಕಾರಿನ ಕೀಲಿಯ ವಿಷಯ ಹೇಳಿದರು.

ಆಮೇಲೆ ವಿಮೆಯ ಕಾಗದಗಳು. ದಿನವಿಡೀ ಹದಿನೆಂಟು ಬೆನ್ನು, ಪ್ರತಿ ಬೆನ್ನಿಗೂ ಒಂದು ಟಿಪ್ಪಣಿ. ಯಾವ ಮಣಿ, ಯಾವ ಕಡೆ, ಎಷ್ಟು ನೋವು, ಏಕೆ ಒತ್ತಬೇಕಾಯಿತು. ಶಿಕ್ಷಕಿಯ ಹೆಸರಿನ ಮುಂದೆ ಒತ್ತಿದ ಕಾಲಮ್ಮು ಖಾಲಿ. ಒತ್ತದೆ ಕಳಿಸಿದ್ದಕ್ಕೆ ವಿಮೆಯವರು ಕೊಡುವುದು ಅಲ್ಪ.

ಬರೆಯುತ್ತಾ ಬಲಗೈ ಮಣಿಕಟ್ಟು ನೋಯುತ್ತದೆ. ಈ ಕಸುಬಿನವರಿಗೆ ಮಣಿಕಟ್ಟು, ಭುಜ, ಸೊಂಟ ಸವೆಯುವುದು ಮಾಮೂಲು. ಊರಾಚೆ ಇನ್ನೊಬ್ಬ ಕೈರೋಪ್ರಾಕ್ಟರ್ ಇದ್ದಾನೆ. ಕಾಲೇಜಿನ ಗೆಳೆಯ. ಅವನ ಗೋಡೆಯ ಮೇಲೆ ಆ ಪಟ ಇನ್ನೂ ಇದೆ, ಈ ವಿಷಯದಲ್ಲಿ ಇಬ್ಬರಿಗೂ ಎಷ್ಟೋ ಸಲ ಜಗಳವಾಗಿದೆ. ಆದರೂ ಗುರುವಾರ ಸಂಜೆ ಏಳೂವರೆಗೆ ಇವರ ಗಾಡಿ ಅಲ್ಲೇ ನಿಲ್ಲುತ್ತದೆ. ಡಾಕ್ಟರು ಚಪ್ಪಲಿ ಬಿಚ್ಚಿ, ಹೊಸ ಕಾಗದ ಹಾಸಿದ ಸೀಳಿಗೆ ಮುಖವಿಟ್ಟು ಬೋರಲಾಗಿ ಮಲಗುತ್ತಾರೆ.

“ಎಲ್ಲಿ ನೋವು?” ಎನ್ನುತ್ತಾನೆ ಗೆಳೆಯ.

“ಸೊಂಟ” ಎನ್ನುತ್ತಾರೆ. “ಕತ್ತು ಮುಟ್ಟಬೇಡ ಮಾರಾಯ, ಇವತ್ತು.”